ಮ್ಯೂರಿಯಲ್ ಹಾಗೆನ್ ಅವರ ಎರಡನೆಯ ಪಾತ್ರೆ

ಎದುರಿಗಿದ್ದವರ ಮುಖ ನೋಡಿಯೇ ಒಳಗಿನದನ್ನೆಲ್ಲ ಓದಿಬಿಡುವ ವಿದ್ಯೆ ತನಗೆ ದೇವರೇ ಕೊಟ್ಟದ್ದು ಎಂದು ರೆವರೆಂಡ್ ನಥಾನಿಯೆಲ್ ಕ್ವಾಕು ಅಂಪೊಮಾ ನಂಬಿದ್ದರು. ತಮ್ಮ ದೇಶದ ಕುಮಾಸಿ ನಗರದಲ್ಲಿ ಹತ್ತೊಂಬತ್ತು ವರ್ಷ ಸಭಾಪಾಲಕರಾಗಿದ್ದಾಗ ಈ ವಿದ್ಯೆ ಅವರಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅಲ್ಲಿ ಅದು ಕೈಕೊಡುವ ಹಾಗೂ ಇರಲಿಲ್ಲ. ಅಲ್ಲಿನ ಸಭೆಯವರಿಗೆ ಕೋಪ ಬಂದರೆ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಪಾದ್ರಿಮನೆಯ ಅಂಗಳಕ್ಕೇ ಬರುತ್ತಿದ್ದರು. ಅಕ್ಕಪಕ್ಕದ ನಾಲ್ಕು ಮನೆಗೆ ಕೇಳುವಂತೆ ಕೂಗಿ, ಸುಸ್ತಾದಾಗ ನೀರು ಕೇಳಿ ಕುಡಿದು, ಉಳಿದದ್ದನ್ನೂ ಕೂಗಿ ಮುಗಿಸಿ ಹೋಗುತ್ತಿದ್ದರು. ಅಂಥವರನ್ನು ಓದಲು ವಿದ್ಯೆ ಯಾಕೆ, ಎರಡು ಕಿವಿ ಸಾಕು. ಆದರೆ ರೆವರೆಂಡರು ಅದನ್ನು ವಿದ್ಯೆಯೆಂದೇ ಲೆಕ್ಕ ಹಾಕಿದ್ದರು.

ಆ ವಿದ್ಯೆಯನ್ನು ನೆಚ್ಚಿಕೊಂಡು, ಹೆಂಡತಿ ಸೆರ್ವಾ ಮತ್ತು ಹನ್ನೆರಡು ವರ್ಷದ ಮಗಳು ಅದೊಮಾ ಜೊತೆ, ಆಗಸ್ಟಿನ ಒಂದು ಮಧ್ಯಾಹ್ನ ಅವರು ಕೆನಡಾದ ಸಸ್ಕಾಚುವಾನ್ ಸೀಮೆಯ ಟಾರ್ಬೆಟ್ ಎಂಬ ಊರಿಗೆ ಬಂದಿಳಿದರು. ಒಪ್ಪಂದ ಸರಳವಾಗಿತ್ತು. ಆರು ತಿಂಗಳು ಪರೀಕ್ಷೆ. ಜನವರಿಯ ಕೊನೆಯ ಭಾನುವಾರ ವಾರ್ಷಿಕ ಸಭೆಯಲ್ಲಿ ಸದಸ್ಯರು ಕೈಯೆತ್ತಿ ಹೌದು ಅಂದರೆ ಕೆಲಸ ಕಾಯಂ. ಅಲ್ಲ ಅಂದರೆ, ಕೆಲಸದ ಪರವಾನಗಿ ಆ ಒಂದು ಚರ್ಚಿನ ಹೆಸರಿಗೇ ಅಂಟಿಕೊಂಡಿದ್ದರಿಂದ, ಮೂವರೂ ಗಂಟು ಕಟ್ಟಬೇಕು. ಕಟ್ಟಿ ಹೋಗುವುದಾದರೂ ಎಲ್ಲಿಗೆ? ಕುಮಾಸಿಯ ಪಾದ್ರಿಮನೆಗೆ ಆಗಲೇ ಬೇರೆ ಪಾದ್ರಿ ಬಂದಾಗಿತ್ತು. ಸೆರ್ವಾ ತನ್ನ ಬಟ್ಟೆ ಅಂಗಡಿಯನ್ನು ಮಾರಿ ಬಂದಿದ್ದಳು.

ಬಂದ ಮೊದಲ ವಾರ ಪಾದ್ರಿಮನೆಯ ಬಾಗಿಲು ತಟ್ಟುವುದೇ ತಟ್ಟುವುದು. ಒಬ್ಬೊಬ್ಬರೂ ಒಂದೊಂದು ಗಾಜಿನ ಪಾತ್ರೆ ಹಿಡಿದು ನಿಂತಿರುತ್ತಿದ್ದರು. ಮೀನಿನ ಜೊತೆ ಬೇಯಿಸಿದ ಶ್ಯಾವಿಗೆ, ಚೀಸ್ ಹೊದಿಸಿದ ಆಲೂಗಡ್ಡೆ, ಒಂದರಲ್ಲಂತೂ ಕಿತ್ತಳೆ ಬಣ್ಣದ ಸಿಹಿ ಜೆಲ್ಲಿಯೊಳಗೆ ತುರಿದ ಕ್ಯಾರೆಟ್. ಎಲ್ಲರದೂ ಒಂದೇ ಮಾತು. "ಬಿಸಿ ಮಾಡ್ಕೊಂಡು ತಿನ್ನಿ, ನೇಟ್. ಅವಸರ ಏನಿಲ್ಲ."

"ನೇಟ್ ಅಂದ್ರೆ ಯಾರು?" ಎಂದು ಸೆರ್ವಾ ಕೇಳಿದಳು.

"ನಾನೇ ಅಂತೆ" ಎಂದರು ರೆವರೆಂಡರು. ಕುಮಾಸಿಯಲ್ಲಿ ಅವರನ್ನು ಹೆತ್ತ ತಾಯಿಯೂ ಒಸೊಫೊ, ಅಂದರೆ ಪಾದ್ರಿಗಳೇ, ಎಂದು ಕರೆಯುತ್ತಿದ್ದಳು. ಅವರಿಗೆ ಕಿವಿಯ ತುದಿ ಬಿಸಿಯಾಯಿತು. ಆದರೆ ಆರು ತಿಂಗಳ ಪರೀಕ್ಷೆಯಲ್ಲವೇ, ನುಂಗಿಕೊಂಡರು.

ಒಟ್ಟು ಮೂವತ್ತೆರಡು ಪಾತ್ರೆಗಳು. ತಿಂದು ತಿಂದು ಖಾಲಿಯಾದಂತೆಲ್ಲ ಸೆರ್ವಾ ತೊಳೆದು ಮಗುಚಿ ಇಡುತ್ತ ಹೋದಳು. ಆಗ ಕಂಡದ್ದು, ಪ್ರತಿಯೊಂದರ ತಳದಲ್ಲೂ ಒಂದು ಚೂರು ಅಂಟುಟೇಪು, ಅದರ ಮೇಲೆ ಮಸಿಯಲ್ಲಿ ಒಂದು ಹೆಸರು.

"ಒಸೊಫೊ, ಇಲ್ಲಿ ನೋಡಿ! ಎಷ್ಟು ಅಚ್ಚುಕಟ್ಟು ಜನ! ಕೊಟ್ಟೋರ ಹೆಸರು ಬರೆದೇ ಕೊಟ್ಟಿದಾರೆ."

"ಬರೀದೆ ಇರ್ತಾರಾ? ಹೆಸರಿಲ್ದೆ ನಾನು ಯಾರಿಗೆ ಅಂತ ಪ್ರಾರ್ಥನೆ ಮಾಡ್ಲಿ?"

ಅವರ ಕಡೆ ಪದ್ಧತಿಯೇ ಹಾಗೆ. ಹೊಸ ಪಾದ್ರಿಯ ಮನೆಗೆ ಗೆಣಸು ತಂದವರು ಬುಟ್ಟಿ ಸಮೇತ, ಎಣ್ಣೆ ತಂದವರು ಡಬ್ಬಿ ಸಮೇತ ಬಿಟ್ಟು ಹೋಗುತ್ತಾರೆ. ಬುಟ್ಟಿಯನ್ನು ವಾಪಸು ಕೇಳುವವನು ಗೆಣಸನ್ನೂ ವಾಪಸು ಕೇಳಿದ ಹಾಗೆ. ಪಾದ್ರಿ ಮುಂದಿನ ಭಾನುವಾರ ಕೊಟ್ಟವರ ಹೆಸರನ್ನು ಎತ್ತಿ ಹೇಳಿ ಸ್ತೋತ್ರ ಸಲ್ಲಿಸಬೇಕು. ಒಂದು ಹೆಸರು ಬಿಟ್ಟರೆ, ಆ ಮನೆಯವರು ಸೋಮವಾರ ಬೆಳಿಗ್ಗೆ ಅಂಗಳದಲ್ಲಿ.

ಹಾಗಾಗಿ ಭಾನುವಾರ ರೆವರೆಂಡ್ ಅಂಪೊಮಾ ಕಣ್ಣು ಮುಚ್ಚದೆ, ಕೈಯಲ್ಲಿ ಪಟ್ಟಿ ಹಿಡಿದು ಪ್ರಾರ್ಥನೆ ಮಾಡಿದರು. ಒಂದೊಂದು ಪಾತ್ರೆಯನ್ನೂ ಆಕಾರ, ಬಣ್ಣ, ಒಳಗಿದ್ದ ತಿನಿಸು ಸಮೇತ ದೇವರಿಗೆ ಪರಿಚಯ ಮಾಡಿಕೊಟ್ಟರು. ಅರವತ್ತು ಜನ ತಲೆ ತಗ್ಗಿಸಿ ಕೂತಿದ್ದರು.

"ಕರ್ತನೇ, ನಿನ್ನ ಮಗಳು ಮ್ಯೂರಿಯಲ್ ಹಾಗೆನ್ ಕೊಟ್ಟ ಎರಡು ಪಾತ್ರೆಗಳಿಗಾಗಿ ಸ್ತೋತ್ರ. ಒಂದು ಚೌಕದ್ದು, ಅದರಲ್ಲಿ ಮೀನು. ಇನ್ನೊಂದು ಉದ್ದನೆಯದು, ನೀಲಿ ಹೂವಿನದ್ದು, ಅದರಲ್ಲಿ ಕ್ಯಾರೆಟ್ ಹಾಕಿದ ಜೆಲ್ಲಿ..."

"ಒಂದೇ" ಎಂದು ಮೂರನೆಯ ಸಾಲಿನಿಂದ ಸಣ್ಣ ದನಿ ಬಂತು. ಮ್ಯೂರಿಯಲ್ ಹಾಗೆನ್ ಅವರಿಗೆ ಎಪ್ಪತ್ತನಾಲ್ಕು ವರ್ಷ, ಮಹಿಳಾ ಕೂಟದ ಅಧ್ಯಕ್ಷೆ, ಬೆನ್ನು ಇನ್ನೂ ಬಂದೂಕಿನ ನಳಿಗೆಯ ಹಾಗೆ ನೆಟ್ಟಗಿತ್ತು. "ನಾನು ತಂದಿದ್ದು ಒಂದೇ ಪಾತ್ರೆ, ನೇಟ್."

"ಎರಡು" ಎಂದರು ರೆವರೆಂಡರು, ಈ ವಿನಯಕ್ಕೆ ಮನಸ್ಸು ತುಂಬಿ. "ಎರಡರ ತಳದಲ್ಲೂ ನಿಮ್ಮ ಹೆಸರೇ ಇದೆ. ನಾನೇ ಕಣ್ಣಾರೆ ಓದಿದೀನಿ. ಸಂಕೋಚ ಪಡಬೇಡಿ."

ಟಾರ್ಬೆಟ್ ಊರಿನಲ್ಲಿ ನಲವತ್ತು ವರ್ಷಗಳಿಂದ ಜೆಲ್ಲಿಗೆ ಕ್ಯಾರೆಟ್ ಹಾಕುವವರು ಒಬ್ಬರೇ, ಅದು ಡೊರೀನ್ ಕ್ಲಾಸೆನ್. ತಗ್ಗಿದ್ದ ಅರವತ್ತು ತಲೆಗಳು ಮೆಲ್ಲಗೆ ಡೊರೀನ್ ಕೂತಿದ್ದ ಕಡೆ ತಿರುಗಿದವು. ಡೊರೀನ್ ಕೆನ್ನೆಯಲ್ಲಿ ಎರಡು ಕೆಂಪು ಬಿಲ್ಲೆ ಎದ್ದಿದ್ದವು. ಮೂವತ್ತಮೂರು ವರ್ಷಗಳ ಹಿಂದೆ ಮ್ಯೂರಿಯಲ್ ತಾಯಿಯ ಶವಸಂಸ್ಕಾರದ ದಿನ ಚರ್ಚಿನ ಅಡುಗೆಮನೆಯಿಂದ ಮಾಯವಾದ ನೀಲಿ ಹೂವಿನ ಪಾತ್ರೆ ಎಲ್ಲಿತ್ತು ಎಂಬುದು, ಹೊಸ ಪಾದ್ರಿ ದೇವರಿಗೆ ಹೇಳುವ ನೆಪದಲ್ಲಿ, ಇಡೀ ಊರಿಗೆ ತಿಳಿದುಹೋಗಿತ್ತು. ತಾನು ಎಂದೋ ತಂದು ಮರೆತ, ಬಳಸಿ ಬಳಸಿ ತನ್ನದೇ ಅಂದುಕೊಂಡ ಪಾತ್ರೆಯ ತಳವನ್ನು ಡೊರೀನ್ ಮೂವತ್ತಮೂರು ವರ್ಷದಲ್ಲಿ ಒಮ್ಮೆಯೂ ತಿರುವಿ ನೋಡಿರಲಿಲ್ಲ.

ಕುಮಾಸಿಯಾಗಿದ್ದರೆ ಆಮೆನ್ ಹೇಳುವುದರೊಳಗೆ ಎರಡು ಜಡೆ ಕೈಗೆ ಬರುತ್ತಿದ್ದವು. ಇಲ್ಲಿ ಎಲ್ಲರೂ ಎದ್ದು ಕೊನೆಯ ಗೀತೆ ಹಾಡಿದರು. ಬಾಗಿಲಲ್ಲಿ ಮ್ಯೂರಿಯಲ್ ಪಾದ್ರಿಯ ಕೈಕುಲುಕಿ, ಹಲ್ಲು ಕಾಣುವಂತೆ ನಕ್ಕರು. "ಪ್ರಾರ್ಥನೆ ಒಂಥರಾ ಬೇರೆ ಥರ ಇತ್ತು, ನೇಟ್."

ಮನೆಗೆ ಬಂದು ರೆವರೆಂಡರು ಕುರ್ಚಿಯಲ್ಲಿ ಒರಗಿದರು. "ಸೆರ್ವಾ, ಆಯಮ್ಮನ ಮುಖ ನೋಡಿದ್ಯಾ? ಎಷ್ಟು ಸಂತೋಷ! ಇಂಥ ಪ್ರಾರ್ಥನೆ ಇಲ್ಲಿ ಯಾರೂ ಮಾಡೇ ಇರ್ಲಿಲ್ಲ ಅನ್ಸುತ್ತೆ."

ಮಾಡಿರಲಿಲ್ಲ, ಅದು ನಿಜ.

ಮುಂದಿನ ವಾರದಿಂದ ಚರ್ಚಿನಲ್ಲಿ ಬದಲಾವಣೆಗಳು ಕಾಣಿಸತೊಡಗಿದವು. ಡೊರೀನ್ ಬಲಗಡೆಯ ಸಾಲು ಬಿಟ್ಟು ಎಡಗಡೆಗೆ ಹೋದರು. ಅವರ ಹಿಂದೆ ಅವರ ತಂಗಿ, ತಂಗಿಯ ಗಂಡ, ನೆರೆಮನೆಯವರು. ಆರಾಧನೆ ಮುಗಿದ ಮೇಲಿನ ಕಾಫಿಗೆ ಮೊದಲು ಒಂದೇ ಹಂಡೆ ಇತ್ತು, ಈಗ ಸಭಾಂಗಣದ ಎರಡು ತುದಿಗೆ ಎರಡು. ರೆವರೆಂಡರು ಎರಡೂ ಕಡೆ ಒಂದೊಂದು ಲೋಟ ಕುಡಿದು, ಸಭೆ ಬೆಳೆಯುತ್ತಿದೆ ಎಂದು ಕುಮಾಸಿಗೆ ಪತ್ರ ಬರೆದರು.

ಸಭೆಯ ಕಾರ್ಯದರ್ಶಿ ಲಾರ್ನ್ ಪ್ರೆಂಟಿಸ್ ಒಂದು ದಿನ ಬಂದು ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತ. ಟ್ರ್ಯಾಕ್ಟರ್ ಮಾರುವ ಅಂಗಡಿಯಿಟ್ಟವನು, ಮಾತನ್ನು ಬಿಡಿಭಾಗದಂತೆ ಒಂದೊಂದೇ ಹೊರಗೆ ತೆಗೆಯುವವನು.

"ಒಂದಿಷ್ಟು ಜನಕ್ಕೆ... ಒಂದಿಷ್ಟು... ಅನ್ನಿಸಿದೆ, ನೇಟ್."

"ಯಾರಿಗೆ?"

"ಹೆಸರು ಹೇಳೋದು ಚೆನ್ನಾಗಿರಲ್ಲ."

"ಸರಿ, ಏನು ಅನ್ನಿಸಿದೆ?"

"ಹಾಗೆ ಇಂಥದ್ದೇ ಅಂತಲ್ಲ. ಒಟ್ಟಾರೆ."

"ಒಟ್ಟಾರೆ ಏನು?"

"ಒಟ್ಟಾರೆ ಅನ್ನಿಸಿದೆ" ಎಂದು ಲಾರ್ನ್ ಭಾರ ಇಳಿಸಿದವನಂತೆ ಉಸಿರು ಬಿಟ್ಟ. ಹೋಗುವ ಮುನ್ನ ಕೇಳದೆಯೇ ನೆಲಮಾಳಿಗೆಗೆ ಇಳಿದು, ಚರ್ಚಿನವರು ಬೀಗ ಹಾಕಿಟ್ಟಿದ್ದ, ಮನೆಯನ್ನೆಲ್ಲ ಬೆಚ್ಚಗಿಡುವ ಒಲೆಯ ಗುಂಡಿಯನ್ನು ಎರಡು ಅಂಕಿ ಕೆಳಗಿಳಿಸಿ ಹೋದ. ರೆವರೆಂಡರು ಕೋಟು ಹಾಕಿಕೊಂಡು ಕೂತು ಹಲ್ಲು ಕಡಿದರು. ಸ್ವಂತ ಮನೆಯಲ್ಲಿ ಚಳಿಗೆ ನಡುಗುತ್ತ ನಗುಮುಖ ಮಾಡುವುದು ಅವರಿಗೆ ಯಾವ ಧರ್ಮಶಾಸ್ತ್ರದ ಕಾಲೇಜಿನಲ್ಲೂ ಕಲಿಸಿರಲಿಲ್ಲ.

ಅಕ್ಟೋಬರಿನಲ್ಲಿ ಚರ್ಚಿನ ಸುಗ್ಗಿ ಊಟ. ಟರ್ಕಿ ಕೋಳಿ, ಕಡುಬು, ಕುಂಬಳಕಾಯಿ ಸಿಹಿ. ಸುತ್ತಿನ ಹಳ್ಳಿಯವರೆಲ್ಲ ಬರುತ್ತಾರೆ. ಅದರ ಹಿಂದಿನ ದಿನ ಸೆರ್ವಾಳ ತಾಯಿ ಕುಮಾಸಿಯಿಂದ ಫೋನಿನ ಪರದೆಯೊಳಗೆ ಬಂದು ಕೂತಳು. ಆಕೆಯ ಹಣೆ ಮಾತ್ರ ಕಾಣುತ್ತಿತ್ತು, ದನಿ ಪೂರ್ತಿ ಬರುತ್ತಿತ್ತು.

"ಸುಗ್ಗಿಗೆ ಏನು ಕೊಡ್ತಿದೀಯೇ?"

"ಏನಿದೆ ಅಮ್ಮಾ ಕೊಡೋಕೆ? ಇಲ್ಲೇನು ನಮ್ಮ ಹೊಲ ಇದ್ಯಾ?"

"ಹಿಂದೆ ಕಪಾಟಿನಲ್ಲಿ ಸಂತೆ ಥರ ಪಾತ್ರೆ ಜೋಡಿಸಿದೀಯಲ್ಲ, ಅದೇನು? ಇರೋ ಮೂರು ಜನಕ್ಕೆ ಮೂವತ್ತೆರಡು ಪಾತ್ರೆ ಇಟ್ಕೊಂಡು, ದೇವರ ಮುಂದೆ ಬರಿಗೈಲಿ ಹೋಗ್ತೀಯಾ? ಹರಾಜಿಗೆ ಇಡು! ಪಾದ್ರಿ ಹೆಂಡ್ತಿ ಮೊದ್ಲು ಕೊಟ್ರೆ ತಾನೇ ಜನ ಕೊಡೋದು?"

ಮಾತು ಸರಿಯಾಗಿಯೇ ಇತ್ತು. ಕುಮಾಸಿಯ ಸುಗ್ಗಿ ಸ್ತೋತ್ರದಲ್ಲಿ ಹರಾಜು ಅಂದರೆ ಅದರ ಗಮ್ಮತ್ತೇ ಬೇರೆ. ಒಂದು ಗೆಣಸಿಗೆ ಪೈಪೋಟಿಯಲ್ಲಿ ಮೇಕೆಯ ಬೆಲೆ ಕೂಗುತ್ತಾರೆ. ಸೆರ್ವಾ ಹದಿನೆಂಟು ಪಾತ್ರೆಗಳನ್ನು ಫಳಫಳ ಉಜ್ಜಿ ಆರಿಸಿಟ್ಟಳು. ನೀಲಿ ಹೂವಿನದು ಎಲ್ಲಕ್ಕಿಂತ ಮೇಲೆ.

ಊಟ ಮುಗಿದು ಜನ ಹಲ್ಲುಕಡ್ಡಿ ಹುಡುಕುತ್ತಿದ್ದಾಗ ರೆವರೆಂಡರು ವೇದಿಕೆ ಹತ್ತಿ ಬಟ್ಟೆ ಸರಿಸಿದರು. ಹದಿನೆಂಟು ಪಾತ್ರೆಗಳು ದೀಪದ ಬೆಳಕಿಗೆ ಹೊಳೆದವು. ಸಭಾಂಗಣದಲ್ಲಿ ಹದಿನೆಂಟು ಹೆಂಗಸರ ಕಾಫಿ ಚಮಚ ಒಟ್ಟಿಗೇ ನಿಂತಿತು.

"ನೀವು ಪ್ರೀತಿಯಿಂದ ಕೊಟ್ಟಿದ್ದನ್ನ ನಾವು ಪ್ರೀತಿಯಿಂದ ದೇವರಿಗೆ ಕೊಡ್ತಾ ಇದೀವಿ! ಯಾರು ಕೂಗ್ತೀರಿ?"

ಕೊನೆಗೆ ಒಬ್ಬ ಹೆಂಗಸು ತನ್ನದೇ ಪಾತ್ರೆಯನ್ನು ಎಂಟು ಡಾಲರಿಗೆ ಕೂಗಿ, ಬಿಡಿಸಿಕೊಂಡು ಹೋಗಿ ಮಡಿಲಲ್ಲಿಟ್ಟುಕೊಂಡು ಕೂತಳು. ಅದನ್ನು ಕಂಡು ಇನ್ನೊಬ್ಬಳು. ಮತ್ತೊಬ್ಬಳು. ಯಾರೂ ಬೇರೆಯವರ ಪಾತ್ರೆಗೆ ಕೂಗುತ್ತಿಲ್ಲ ಎಂಬುದನ್ನು ರೆವರೆಂಡರು ಗಮನಿಸಿದರು, ಗಮನಿಸಿ ಮೆಚ್ಚಿದರು. ಎಂಥ ಶಿಸ್ತು!

ಕೊನೆಯಲ್ಲಿ ನೀಲಿ ಹೂವಿನದು ಬಂತು.

"ಹತ್ತು" ಎಂದರು ಮ್ಯೂರಿಯಲ್, ಬಲತುದಿಯಿಂದ.

"ಹದಿನೈದು" ಎಂದರು ಡೊರೀನ್, ಎಡತುದಿಯಿಂದ. ಆ ಮೂವತ್ತಮೂರು ವರ್ಷದ ಬಗ್ಗೆ ಊರು ಏನಾದರೂ ಅಂದುಕೊಳ್ಳಲಿ, ಎಲ್ಲರೆದುರು ದುಡ್ಡು ಕೊಟ್ಟು ಕೊಂಡುಬಿಟ್ಟರೆ ಪಾತ್ರೆ ನ್ಯಾಯವಾಗಿ ತನ್ನದೇ.

"ಮೂವತ್ತು." ಮ್ಯೂರಿಯಲ್ ನಗುತ್ತಿದ್ದರು.

"ಅರವತ್ತು." ಡೊರೀನ್ ಇನ್ನೂ ಚೆನ್ನಾಗಿ ನಗುತ್ತಿದ್ದರು.

"ಓಹೋಹೋ! ನೋಡಿ, ನೋಡಿ ಇವರ ಭಕ್ತಿ!" ರೆವರೆಂಡರು ವೇದಿಕೆಯ ಮೇಲೆ ಕುಣಿದೇಬಿಟ್ಟರು. "ಇಬ್ಬರು ಸಹೋದರಿಯರು ಹೇಗೆ ನಗ್ತಾ ನಗ್ತಾ ಕೊಡ್ತಿದಾರೆ! ಮ್ಯೂರಿಯಲ್ ಅಮ್ಮಾ, ಸೋತುಬಿಡ್ತೀರಾ? ಡೊರೀನ್ ಮುಂದೆ ಸೋತುಬಿಡ್ತೀರಾ?"

ಹಳ್ಳಿಯಿಂದ ಬಂದಿದ್ದವರು ಫೋನು ತೆಗೆದು ಚಿತ್ರ ಹಿಡಿಯತೊಡಗಿದರು. ಇನ್ನೂರು ದಾಟಿತು, ಮುನ್ನೂರು ದಾಟಿತು. ನಾನೂರ ಹತ್ತಕ್ಕೆ ಮ್ಯೂರಿಯಲ್ ಬಾಯಿ ತೆರೆದರು, ಪರ್ಸಿನೊಳಗೆ ನೋಡಿದರು, ಬಾಯಿ ಮುಚ್ಚಿದರು. ತಾಯಿಯ ಪಾತ್ರೆ ಎರಡನೆಯ ಸಲ ಡೊರೀನ್ ಕೈಗೆ ಹೋಯಿತು. ಮ್ಯೂರಿಯಲ್ ಮೂರು ಬೆರಳಲ್ಲಿ ಚಪ್ಪಾಳೆ ತಟ್ಟಿದರು.

"ಬೇರೆ ಥರ ಇತ್ತು ಸಂಜೆ" ಎಂದರು ಹೊರಡುವಾಗ. ರೆವರೆಂಡರು ಅವರ ಎರಡೂ ಕೈ ಹಿಡಿದು ಕುಲುಕಿದರು.

ನವೆಂಬರಿನಿಂದ ಚರ್ಚಿನ ಸಾಲುಗಳು ಬರಿದಾಗತೊಡಗಿದವು. ದಾರಿಯಲ್ಲಿ ಸಿಕ್ಕವರು ಹಿಂದಿಗಿಂತ ಅಗಲವಾಗಿ ನಗುತ್ತಿದ್ದರು. ಸೆರ್ವಾಳಿಗೆ ಅಂಗಡಿಯಲ್ಲಿ ದಾರಿ ಬಿಟ್ಟು ಬಾಗಿಲು ಹಿಡಿಯುತ್ತಿದ್ದರು, ಮಾತು ಮಾತ್ರ ಆಡುತ್ತಿರಲಿಲ್ಲ. ಜನವರಿಯ ಮೊದಲ ವಾರ ಮೇಲಿನ ಮಂಡಳಿಯಿಂದ ಪತ್ರ ಬಂತು. 'ಸಭೆಯಲ್ಲಿ ವ್ಯಕ್ತವಾಗಿರುವ ಕೆಲವು ಭಾವನೆಗಳ ಹಿನ್ನೆಲೆಯಲ್ಲಿ' ವಾರ್ಷಿಕ ಸಭೆಯ ದಿನ ಫಿಲಿಪ್ಪಾ ಟ್ರೌಟ್ ಎಂಬ ಸೌಹಾರ್ದ ಸಲಹೆಗಾರರು ಬರುತ್ತಾರೆ, ಅವರ ಮಾರ್ಗದರ್ಶನದ ನಂತರ ಸಭಾಪಾಲಕರ ಮುಂದುವರಿಕೆಯ ಬಗ್ಗೆ ಮತ ಹಾಕಲಾಗುತ್ತದೆ.

ರೆವರೆಂಡರು ಪತ್ರವನ್ನು ಮೂರು ಸಲ ಓದಿದರು. "ಯಾವ ಭಾವನೆ? ಎಲ್ಲರೂ ನಗ್ತಾನೇ ಇದಾರಲ್ಲ!"

ಪರವಾನಗಿ ಕಚೇರಿಗೆ ಫೋನು ಮಾಡಿದರು. ಐವತ್ತು ನಿಮಿಷ ಪಿಯಾನೊ ಕೇಳಿಸಿದ ಮೇಲೆ ಒಬ್ಬ ಅಧಿಕಾರಿ ಸಿಕ್ಕ. "ಆ ಚರ್ಚು ಬೇಡ ಅಂದ್ರೆ ಆ ಪರವಾನಗೀಲಿ ಬೇರೆ ಕಡೆ ಕೆಲಸ ಮಾಡೋ ಹಾಗಿಲ್ಲ ಸರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

"ಇದು ಸಹಾಯಾನಾ?" ಎಂದು ಕೂಗಿದರು ರೆವರೆಂಡರು. ಆಗಲೇ ಪಿಯಾನೊ ಮತ್ತೆ ಶುರುವಾಗಿತ್ತು.

ಮರುದಿನ ಮಧ್ಯಾಹ್ನ ಲಾರ್ನ್ ಸಭೆಯ ಕಾಗದಗಳನ್ನು ಹಿಡಿದು ಬಂದ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ. ಅವನು ದಪ್ಪ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಒಲೆಯ ಗುಂಡಿ ನೋಡಲು ನೆಲಮಾಳಿಗೆಗೆ ಇಳಿದ. ಮೇಲೆ ಬಂದಾಗ ಸೆರ್ವಾ ಕೋಟಿನ ಮೇಲೆ ಕೂತಿದ್ದಳು.

"ನನ್ನ ಕೋಟು, ಅಮ್ಮ."

"ಗೊತ್ತು. ನಾವೇನು ಮಾಡಿದೀವಿ ಅಂತ ಹೇಳಿ. ಆಮೇಲೆ ತಗೊಳ್ಳಿ."

"ಅದು... ಒಟ್ಟಾರೆ..."

"ಒಟ್ಟಾರೆ ಅಂದ್ರೆ ಬೇಸಿಗೆವರೆಗೂ ಇಲ್ಲೇ ಕೂತಿರ್ತೀನಿ. ಏಳಲ್ಲ ನಾನು."

ಲಾರ್ನ್ ರೆವರೆಂಡರ ಕಡೆ ನೋಡಿದ. ರೆವರೆಂಡರು ಕಿಟಕಿಯಾಚೆಯ ಹಿಮವನ್ನು ನೋಡಿದರು. ಲಾರ್ನನೂ ಅದನ್ನೇ ನೋಡಿದ. ಆಮೇಲೆ ಕಪಾಟಿನಲ್ಲಿ ಉಳಿದಿದ್ದ ಹದಿನಾಲ್ಕು ಪಾತ್ರೆಗಳ ಕಡೆ ಗಲ್ಲ ಎತ್ತಿ ತೋರಿಸಿದ.

"ಊಟ ಅಷ್ಟೇ ಉಡುಗೊರೆ" ಎಂದ, ಪಿಸುದನಿಯಲ್ಲಿ. "ಪಾತ್ರೆ ಅಲ್ಲ."

"ಏನು?"

"ಪಾತ್ರೆ ತೊಳೆದು ವಾಪಸ್ ಕೊಡ್ಬೇಕು. ಅದಕ್ಕೇ ಹೆಸರು ಬರೆದಿರೋದು. ನೀವು ಅವರ ಪಾತ್ರೆನ ಅವರಿಗೇ ಮಾರಿದ್ರಿ."

ರೆವರೆಂಡ್ ಅಂಪೊಮಾ ಅವರ ಕಣ್ಣೆದುರಿಗೆ ಐದು ತಿಂಗಳ ನಗುಮುಖಗಳೆಲ್ಲ ಸಾಲಾಗಿ ಬಂದವು. ಎರಡು ಕಾಫಿ ಹಂಡೆ ಬಂದವು. ಬೇರೆ ಥರ, ಬೇರೆ ಥರ ಎಂಬ ಮಾತು ಬಂತು. ದೇವರು ಕೊಟ್ಟ ವಿದ್ಯೆ ಅಲ್ಲೇ, ಅಡುಗೆಮನೆಯ ಕುರ್ಚಿಯ ಮೇಲೆ ಪ್ರಾಣ ಬಿಟ್ಟಿತು.

ಸೆರ್ವಾಳಿಗೆ ನಾಚಿಕೆ ಬರಲಿಲ್ಲ. ಮೈಯೆಲ್ಲ ಉರಿ ಬಂತು.

"ಐದು ತಿಂಗಳು! ನನ್ನ ಬಾಗಿಲಿಗೂ ನಿಮ್ಮ ಬಾಗಿಲಿಗೂ ನೂರು ಹೆಜ್ಜೆ ಇಲ್ಲ! ಒಬ್ಬರು, ಒಬ್ಬರೇ ಒಬ್ಬರು ಬಂದು, ಏ ಹೆಂಗಸೇ ನನ್ನ ಪಾತ್ರೆ ಕೊಡು ಅಂತ ಅಂದಿದ್ರೆ ಅವತ್ತೇ ಕೊಡ್ತಿದ್ದೆ, ಜೊತೆಗೆ ಅನ್ನಾನೂ ತುಂಬಿ ಕೊಡ್ತಿದ್ದೆ. ಅದು ಬಿಟ್ಟು ನಕ್ಕೊಂಡು ಚಪ್ಪಾಳೆ ಹೊಡ್ಕೊಂಡು, ಮೇಲಿನೋರಿಗೆ ಪತ್ರ ಬರೀತೀರಾ? ಒಂದು ಪಾತ್ರೆಗೆ ನನ್ನ ಮಗಳ ಇಸ್ಕೂಲು ಬಿಡಿಸ್ತೀರಾ?"

"ನಾನು ಬರೀಲಿಲ್ಲ" ಎಂದ ಲಾರ್ನ್. "ನಾನು ಬರೀ ಸಹಿ ಹಾಕ್ದೆ."

ಸೆರ್ವಾ ಎದ್ದು ಕೋಟನ್ನು ಅವನ ಮುಖಕ್ಕೆ ಬೀಸಿದಳು.

ವಾರ್ಷಿಕ ಸಭೆಯ ದಿನ ನಲವತ್ತೇಳು ಸದಸ್ಯರು ಬಂದಿದ್ದರು. ಅಷ್ಟು ಜನ ಕ್ರಿಸ್ಮಸ್‌ಗೂ ಬಂದಿರಲಿಲ್ಲ. ಫಿಲಿಪ್ಪಾ ಟ್ರೌಟ್ ಉದ್ದ ಕುತ್ತಿಗೆಯ, ಉದ್ದ ಸ್ಕಾರ್ಫಿನ, ತೂಕಡಿಕೆ ಬರಿಸುವ ದನಿಯ ಹೆಂಗಸು. ಕುರ್ಚಿಗಳನ್ನು ದುಂಡಗೆ ಹಾಕಿಸಿ, ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಕೈಗೆ ಒಂದು ನುಣುಪು ಕಲ್ಲು ತೆಗೆದುಕೊಂಡರು.

"ಈ ಕಲ್ಲು ಯಾರ ಕೈಲಿರುತ್ತೋ ಅವರು ಮಾತ್ರ ಮಾತಾಡ್ಬೇಕು. ಯಾರ ಹೆಸರೂ ಎತ್ತೋದು ಬೇಡ. ನಡೆದಿದ್ದನ್ನೂ ಹೇಳೋದು ಬೇಡ. 'ನನಗೆ ಅನ್ನಿಸುತ್ತೆ' ಅಂತ ಶುರು ಮಾಡಿ."

ಕಲ್ಲು ಸುತ್ತಿತು. ಒಬ್ಬರಿಗೆ ಸಂವಹನ ಅನ್ನಿಸಿತು. ಒಬ್ಬರಿಗೆ ನಿರೀಕ್ಷೆ ಅನ್ನಿಸಿತು. ಡೊರೀನ್ ಕ್ಲಾಸೆನ್ ಅವರಿಗೆ ಪಾರದರ್ಶಕತೆ ಅನ್ನಿಸಿತು. ಮ್ಯೂರಿಯಲ್ ಅವರಿಗೆ ಪರಂಪರೆ ಅನ್ನಿಸಿತು. ಫಿಲಿಪ್ಪಾ ಎಲ್ಲವನ್ನೂ ಬೇರೆ ಬೇರೆ ಬಣ್ಣದಲ್ಲಿ ಹಾಳೆಯ ಮೇಲೆ ಬರೆದರು. ರೆವರೆಂಡರು ಆ ಹಾಳೆಯನ್ನು ನೋಡುತ್ತ ಕೂತಿದ್ದರು. ಇನ್ನು ಅರ್ಧ ಗಂಟೆಯಲ್ಲಿ ತನ್ನನ್ನು ಊರಿಂದ ಓಡಿಸುತ್ತಾರೆ. ಯಾಕೆಂದು ಕೇಳಿದರೆ ತೋರಿಸಲು ಇರುವುದು ನಾಲ್ಕು ಬಣ್ಣದ ನಾಲ್ಕು ಪದ.

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಸೆರ್ವಾ ಮಗಳ ಹಿಮದ ಜಾರುಬಂಡಿಯನ್ನು ಹಗ್ಗ ಹಿಡಿದು ಸಭಾಂಗಣದ ನಡುವಿಗೇ ಎಳೆದುಕೊಂಡು ಬಂದಳು. ಅದರಲ್ಲಿ ಹದಿನಾಲ್ಕು ಪಾತ್ರೆಗಳು. ಸೊಂಟಕ್ಕೆ ಬಟ್ಟೆ ಬಿಗಿದಿದ್ದಳು.

"ಕಲ್ಲು... ಕಲ್ಲು ನಿಮ್ಮ ಕೈಲಿಲ್ಲ" ಎಂದರು ಫಿಲಿಪ್ಪಾ.

"ಕಲ್ಲು ನನ್ನ ಕೈಗೆ ಕೊಡ್ಬೇಡಿ, ಯಾರಿಗೆ ಬೀಳುತ್ತೋ ಗೊತ್ತಿಲ್ಲ" ಎಂದಳು ಸೆರ್ವಾ. ಮೊದಲ ಪಾತ್ರೆಯನ್ನು ಎತ್ತಿ ತಿರುವಿ ಓದಿದಳು. "ಮ್ಯೂರಿಯಲ್ ಹಾಗೆನ್! ಬನ್ನಿ ಇಲ್ಲಿ. ನಿಮ್ಮ ಪಾತ್ರೆ ತಗೊಳ್ಳಿ. ಆದ್ರೆ ಸುಮ್ನೆ ಕೊಡಲ್ಲ. ಬೈದು ತಗೊಳ್ಳಿ."

ಮ್ಯೂರಿಯಲ್ ಎದ್ದರು. ಬೆನ್ನು ನೆಟ್ಟಗೇ ಇತ್ತು. "ನನಗೆ... ಸ್ವಲ್ಪ ಬೇಜಾರಾಯ್ತು."

"ಇದು ಬೈಗುಳಾನಾ? ನಮ್ಮೂರಲ್ಲಿ ಇದನ್ನ ಮದುವೆ ಹಾರೈಕೇಲಿ ಬರೀತಾರೆ. ಸರಿಯಾಗಿ ಬೈರಿ!"

"ತುಂಬಾ ಬೇಜಾರಾಯ್ತು."

"ಹೋಗಿ, ಕೂತ್ಕೊಳ್ಳಿ. ಈ ಪಾತ್ರೆ ನನಗೇ ಇರ್ಲಿ. ಮುಂದಿನ ಸುಗ್ಗಿಗೆ ಮಾರ್ತೀನಿ."

ಅದು ಯಾವ ನರಕ್ಕೆ ತಾಗಿತೋ. ಮ್ಯೂರಿಯಲ್ ಹಾಗೆನ್ ಎಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಬಾಯಿ ತೆರೆದರು. ಕಿಟಕಿಯ ಗಾಜು ಅದುರಿತು.

"ಅದು ನನ್ನ ಪಾತ್ರೆ ಕಣೇ! ನಂದು! ನನ್ನ ಪಾತ್ರೆ ನನಗೇ ಮಾರೋಕೆ ನಿಂಗೆಷ್ಟು ಧೈರ್ಯ?" ಎಂದು ಚೌಕದ ಪಾತ್ರೆಯನ್ನು ಕಿತ್ತುಕೊಂಡರು. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಬೈಗುಳ ಹೊಸದಾಗಿ ಕಲಿತವರಿಗೆ ನಿಲ್ಲಿಸಲು ಬರುವುದಿಲ್ಲ. ಅವರು ಗರ್ರನೆ ಎಡಕ್ಕೆ ತಿರುಗಿದರು. "ಮತ್ತೆ ನೀನು, ಡೊರೀನ್! ಮೂವತ್ಮೂರು ವರ್ಷ! ನಮ್ಮಮ್ಮನ್ನ ಮಣ್ಣು ಮಾಡಿ ಬರೋಷ್ಟರಲ್ಲಿ ಅವಳ ಪಾತ್ರೆ ಹೊತ್ಕೊಂಡು ಹೋದ್ಯಲ್ಲೇ!"

"ನೀನು ಕೇಳಿದ್ದಿದ್ರೆ ಕೊಡ್ತಿದ್ದೆ!" ಡೊರೀನ್ ಕುರ್ಚಿ ಹಿಂದಕ್ಕೆ ಬಿತ್ತು.

"ಕೇಳೋದಾ? ಅದು ನಿನ್ನ ಹತ್ರ ಇದೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಬಿತ್ತಲ್ಲ ಆಗಸ್ಟಲ್ಲಿ! ಆಗ ಬಂದು ಕೇಳಿದ್ಯಾ? ಆಚೆ ತುದೀಲಿ ಬೇರೆ ಕಾಫಿ ಹಂಡೆ ಇಟ್ಟೆ! ಹೋಗ್ಲಿ, ನನ್ನ ಗಂಡ ಆಸ್ಪತ್ರೇಲಿ ಮಲಗಿದಾಗ ಇಡೀ ಊರು ನಮ್ಮನೆಗೆ ಊಟ ತಂತು. ನೀನೊಬ್ಬಳು ಬರ್ಲಿಲ್ಲ!"

"ತರೋಕೆ ಪಾತ್ರೆ ಎಲ್ಲಿತ್ತು ನನ್ನ ಹತ್ರ?"

ಫಿಲಿಪ್ಪಾ ಟ್ರೌಟ್ ಕಲ್ಲನ್ನು ಮೇಲೆತ್ತಿ ಹಿಡಿದರು. ಯಾರೂ ನೋಡಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಮುದುಕನೊಬ್ಬ ಎದ್ದು ಚರ್ಚಿನ ನೆಲಹಾಸಿನ ಬಣ್ಣವನ್ನು ಆರಿಸಿದ ಸಮಿತಿಯ ಮೇಲೆ ಹರಿಹಾಯ್ದ. ಆ ಸಮಿತಿಯಲ್ಲಿ ಬದುಕಿದ್ದವನು ಒಬ್ಬನೇ, ಅವನು ಎದ್ದು ಒಬ್ಬನೇ ಇಡೀ ಸಮಿತಿಯ ಪರವಾಗಿ ಬೈದ. ಹೆಂಗಸರು ಸಾಲುಗಟ್ಟಿ ಬಂದು ಸೆರ್ವಾಳಿಗೆ ಬೈದು ಬೈದು ಪಾತ್ರೆ ತೆಗೆದುಕೊಂಡರು. ಸೆರ್ವಾ ಒಬ್ಬೊಬ್ಬರಿಗೂ ತಿರುಗಿ ಬೈದು ಕೊಟ್ಟಳು. ಪಾತ್ರೆ ಸಿಕ್ಕವರು ಹೋಗಿ ಕೂರಲಿಲ್ಲ, ಇನ್ನೊಮ್ಮೆ ಸಾಲಿನಲ್ಲಿ ನಿಂತರು. ಲಾರ್ನ್ ಎಲ್ಲವನ್ನೂ ನಡಾವಳಿಯ ಪುಸ್ತಕದಲ್ಲಿ ಬರೆದುಕೊಳ್ಳಲು ಹೋಗಿ, ಕೆಲವು ಪದಗಳ ಕಾಗುಣಿತ ತಿಳಿಯದೆ ಪೆನ್ನು ಕೆಳಗಿಟ್ಟ.

ನಡುವೆ ರೆವರೆಂಡ್ ಅಂಪೊಮಾ ಕೂತಿದ್ದರು. ಎಲ್ಲರ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ಅವರಿಗೆ ಈಗ ಪ್ರತಿಯೊಬ್ಬರೂ ದೊಡ್ಡ ಅಕ್ಷರದ ಪುಸ್ತಕದ ಹಾಗೆ ಕಾಣುತ್ತಿದ್ದರು.

ಲಾರ್ನ್ ಗಡಿಯಾರ ನೋಡಿ ಮೇಜು ಕುಟ್ಟಿದ. "ಮತ! ಮತ ಹಾಕ್ಬೇಕು! ಸಭಾಪಾಲಕರು ಮುಂದುವರೀಬೇಕಾ ಬೇಡವಾ? ಬೇಡ ಅಂದ್ರೆ ಮಾರ್ಚ್ ಒಳಗೆ ಇವರು ಹೊರಟುಹೋಗ್ತಾರೆ."

ಗದ್ದಲ ತಟ್ಟನೆ ನಿಂತಿತು. ಅವನು ಹೇಳಿದ್ದು ಅವರಿಗೆ ಹೊಸದಲ್ಲ. ಅದಕ್ಕೆಂದೇ ಎಲ್ಲರೂ ಬಂದಿದ್ದರು.

"ಹೊರಟುಹೋಗೋದಾ?" ಎಂದರು ಮ್ಯೂರಿಯಲ್, ಏದುಸಿರು ಬಿಡುತ್ತ. "ಎಲ್ಲಿಗೆ? ಹರಾಜಿನ ವಿಷಯ ನಾನಿನ್ನೂ ಶುರುನೇ ಮಾಡಿಲ್ಲ. ನಾನು ಬೈದು ಮುಗಿಸೋವರೆಗೂ ಈ ಗಂಡ ಹೆಂಡ್ತಿ ಇಬ್ರೂ ಊರು ಬಿಟ್ಟು ಅಲ್ಲಾಡಕೂಡದು!"

ಬೆರಳು ತೋರಿಸಿ ಬೈಯುತ್ತಿದ್ದವರು ಆ ಬೆರಳನ್ನೇ ಮೇಲೆತ್ತಿದರು. ಬೇಕು ಎಂದವರು ನಲವತ್ನಾಲ್ಕು, ಬೇಡ ಎಂದವರು ಮೂವರು. ಆ ಮೂವರು ಯಾರೆಂದು ಎಲ್ಲರಿಗೂ ತಿಳಿಯಿತು, ಯಾಕೆಂದರೆ ಅವರು ಎದ್ದು ನಿಂತು ತಮ್ಮ ಹೆಸರನ್ನೇ ಕೂಗಿ ಹೇಳಿದರು. ಟಾರ್ಬೆಟ್ ಚರ್ಚಿನ ಚರಿತ್ರೆಯಲ್ಲಿ ಅದು 'ಬೇಡ' ಎಂಬ ಮಾತು ಬಾಯಿಂದ ಹೊರಬಿದ್ದ ಮೊದಲ ದಿನ. ಸೆರ್ವಾ ಕುರ್ಚಿ ಎಳೆದುಕೊಂಡು ಕೂತು, ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ಪಕ್ಕದವಳಿಗೆ ಇನ್ನೆರಡು ಮಾತು ಬೈದಳು.

"ಇನ್ನು ಮುಕ್ತಾಯದ ಪ್ರಾರ್ಥನೆ" ಎಂದ ಲಾರ್ನ್. "ಹೇಳಿ, ನೇಟ್."

ರೆವರೆಂಡ್ ಅಂಪೊಮಾ ಎದ್ದರು. ಎಲ್ಲರೂ ತಲೆ ತಗ್ಗಿಸಿದರು.

"ಪ್ರಾರ್ಥನೆ ಆಮೇಲೆ" ಎಂದರು ಅವರು. ದನಿ ಕುಮಾಸಿಯ ಅಂಗಳಕ್ಕೆ ಸಾಕಾಗುವಷ್ಟಿತ್ತು. "ನನಗೂ ಕೋಪ ಬಂದಿದೆ. ಆರು ತಿಂಗಳಿಂದ ಬಂದಿದೆ. ನಿಮ್ಮೆಲ್ಲರ ಮೇಲೂ ಬಂದಿದೆ. ಒಬ್ಬೊಬ್ಬರ ಹೆಸರು ಹಿಡಿದು ಹೇಳ್ತೀನಿ."

ನಲವತ್ತೇಳು ತಲೆಗಳು ಮೇಲೆದ್ದವು. ಲಾರ್ನ್ ನಿಯಮದ ಪುಸ್ತಕದ ಹಾಳೆ ತಿರುವಿದ. "ಒಂದು ಗಂಟೆಗೆ ಸಭೆ ಮುಗೀಬೇಕು ಅಂತಿದೆ. ಮುಂದುವರಿಸ್ಬೇಕು ಅಂದ್ರೆ ಯಾರಾದ್ರೂ ಠರಾವು ಮಂಡಿಸ್ಬೇಕು, ಇನ್ನೊಬ್ಬರು ಅನುಮೋದಿಸ್ಬೇಕು."

"ನಾನು ಮಂಡಿಸ್ತೀನಿ" ಎಂದರು ಮ್ಯೂರಿಯಲ್ ಹಾಗೆನ್, ಮಡಿಲಲ್ಲಿ ಪಾತ್ರೆ ಹಿಡಿದುಕೊಂಡು ರೆವರೆಂಡರ ಎದುರಿನ ಕುರ್ಚಿಗೆ ಬಂದು ಕೂರುತ್ತ.

ಆಮೇಲೆ ಡೊರೀನ್ ಕ್ಲಾಸೆನ್ ಬಿದ್ದ ಕುರ್ಚಿಯನ್ನು ಎತ್ತಿ ತಂದು, ಮ್ಯೂರಿಯಲ್ ಪಕ್ಕದಲ್ಲೇ ಹಾಕಿಕೊಂಡು ಕೂತರು.

"ನಾನು ಅನುಮೋದಿಸ್ತೀನಿ" ಎಂದರು. "ಅವಳು ಹೇಳಿದ್ಲು ಅಂತ ಅಲ್ಲ ಮತ್ತೆ."